ಯಂತ್ರಗಳ ಗ್ರಹಿಕೆ: ಒಂದು ಪರಿಶೀಲನೆ

ಕಳೆದ ವರ್ಷದ ಹಳೆಯ ವಿದ್ಯಾರ್ಥಿಗಳ ಸಮ್ಮೇಳನವು ಮುಗಿದು, ಎಲ್ಲರೂ ಪ್ರಸಾದ ಸ್ವೀಕರಿಸಿ ಹೊರಡುವ ಸಿದ್ಧತೆಯಲ್ಲಿದ್ದಾಗ, ಒಬ್ಬ ಪೂರ್ವ ವಿದ್ಯಾರ್ಥಿಯು ನನ್ನ ಬಳಿಗೆ ಬಂದು ನಮಸ್ಕರಿಸಿ ನಿಂತನು. ಓದುತ್ತಿದ್ದಾಗ ಛಂದಸ್ಸಿನ ಪಾಠದಲ್ಲಿ ಗಣವಿಭಾಗವನ್ನು ತಪ್ಪಿಲ್ಲದೆ ಮಾಡುತ್ತಿದ್ದ ಹುಡುಗ; ಈಗ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವನು. "ಗುರುಗಳೇ, ನಮ್ಮ ಕೆಲಸದಲ್ಲಿ 'ಪರ್ಸೆಪ್ಷನ್' ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತದೆ. ಯಂತ್ರಕ್ಕೆ ಪರ್ಸೆಪ್ಷನ್ ಉಂಟಾಯಿತು ಎಂದು ಬರೆಯುತ್ತೇವೆ. ಕನ್ನಡದಲ್ಲಿ ಅದಕ್ಕೆ ಏನೆನ್ನಬೇಕು?" ಎಂದು ಕೇಳಿದನು. "ತಮ್ಮಾ, ವಸ್ತುವನ್ನು ತಿಳಿಯದೆ ಪದವನ್ನು ಕೊಡುವುದು ಮಗುವನ್ನು ನೋಡದೆ ಅಂಗಿ ಹೊಲಿದಂತೆ. ಮೊದಲು ನಿನ್ನ ಯಂತ್ರ ಏನು ಮಾಡುತ್ತದೆ ಹೇಳು" ಎಂದೆನು. ಅಂದು ಪಡಸಾಲೆಯಲ್ಲಿ ಕುಳಿತು ದೀಪ ಹಚ್ಚುವವರೆಗೂ ಅವನು ವಿವರಿಸಿದನು. ಮುಂದೆ ಕೆಲವು ಪುಸ್ತಕಗಳನ್ನೂ ಕಳುಹಿಸಿಕೊಟ್ಟನು. ಅವುಗಳನ್ನು ಓದಿ, ಅರ್ಥವಾಗದ ಎಡೆಗಳಲ್ಲಿ ಅವನಿಗೇ ಶಿಷ್ಯನಾಗಿ ಕೇಳಿ ತಿಳಿದುಕೊಂಡುದರ ಫಲವೇ ಪ್ರಸ್ತುತ ಲೇಖನ. ವಿಜ್ಞಾನದ ಅಧ್ಯಾಪಕ ಮಿತ್ರರಿಗೆ ಇದರಲ್ಲಿ ಹೊಸದು ಹೆಚ್ಚೇನೂ ಇರಲಾರದು. ನನ್ನಂತಹ ಇತರರಿಗೆ ಪ್ರಯೋಜನವಾದರೆ ಶ್ರಮ ಸಾರ್ಥಕ.

ಉಗ್ರಾಣ ಮತ್ತು ಅಡುಗೆಮನೆ

ನಾವು ದಿನನಿತ್ಯ ಕಾಣುವ ಗಣಕಯಂತ್ರದ ರಚನೆಯನ್ನು ಜಾನ್ ವಾನ್ ನಾಯ್‌ಮನ್ ಎಂಬ ಗಣಿತಜ್ಞನು ೧೯೪೫ರಲ್ಲಿ ಒಂದು ವರದಿಯಲ್ಲಿ ನಿರೂಪಿಸಿದನು. ಅದರಂತೆ ಲೆಕ್ಕ ಮಾಡುವ ಭಾಗ ಒಂದು, ನೆನಪಿಟ್ಟುಕೊಳ್ಳುವ ಭಾಗ ಮತ್ತೊಂದು. ಇವೆರಡರ ನಡುವೆ ಒಂದು ದಾರಿ. ದಾಸೋಹದ ಅಡುಗೆಮನೆಯನ್ನು ನೆನೆಯಿರಿ. ಉಗ್ರಾಣವು ಅಂಗಳದ ಆಚೆಗೆ ಇದ್ದು, ಅಡುಗೆಯವನು ಒಂದು ಚಿಟಿಕೆ ಉಪ್ಪಿಗೂ, ಒಂದು ಹಿಡಿ ಬೇಳೆಗೂ ಪ್ರತಿಯೊಂದು ಸಲ ಅಲ್ಲಿಗೆ ಹೋಗಿ ಬರಬೇಕಾದರೆ ಅವನ ಶ್ರಮವೆಲ್ಲ ಅಡುಗೆಯಲ್ಲಲ್ಲ, ನಡಿಗೆಯಲ್ಲಿ ವೆಚ್ಚವಾಗುವುದು. ಗಣಕಯಂತ್ರದ ಸ್ಥಿತಿಯೂ ಇದೇ. ಅದು ಬಳಸುವ ವಿದ್ಯುತ್ತಿನ ಬಹುಭಾಗ ಅಂಕಿಗಳನ್ನು ಅತ್ತಿಂದಿತ್ತ ಸಾಗಿಸುವುದಕ್ಕೇ ಹೋಗುತ್ತದೆ.

ಈ ರಚನೆಯನ್ನು ನಿರೂಪಿಸಿದ ನಾಯ್‌ಮನ್ನನೇ ತನ್ನ ಕೊನೆಯ ದಿನಗಳಲ್ಲಿ ಗಣಕಯಂತ್ರವನ್ನೂ ಮಾನವನ ಮಿದುಳನ್ನೂ ಹೋಲಿಸಿ ಉಪನ್ಯಾಸಗಳನ್ನು ಬರೆಯತೊಡಗಿದ್ದನು. ೧೯೫೭ರಲ್ಲಿ ಅವನು ತೀರಿಕೊಂಡನು. ಅಪೂರ್ಣವಾಗಿ ಉಳಿದ ಆ ಬರಹವು ೧೯೫೮ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು.

ಮಿದುಳಿನ ವ್ಯವಸ್ಥೆಯಾದರೋ ಬೇರೆ. ಸುಮಾರು ೧.೪ ಕಿಲೋಗ್ರಾಂ ತೂಗುವ ಈ ಅಂಗದಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಅದು ಬಳಸುವ ಶಕ್ತಿ ೨೦ ವ್ಯಾಟ್‌ಗಳ ಆಸುಪಾಸಿನದು. ಹಿಂದಿನ ಕಾಲದ ಒಂದು ಮಂಕು ಬಲ್ಬಿಗೆ ಸಾಲುವಷ್ಟು. ಪ್ರತಿಯೊಂದು ನರಕೋಶವೂ ಇತರ ಸಾವಿರಾರು ನರಕೋಶಗಳೊಡನೆ ಸಂಧಿಗಳ ಮೂಲಕ ಕೂಡಿಕೊಂಡಿರುವುದು. ಇವುಗಳನ್ನು ನರಸಂಧಿಗಳೆಂದು ಕರೆಯೋಣ. ಒಂದೊಂದು ಸಂಧಿಗೂ ಒಂದೊಂದು ಬಲ. ಕೆಲವು ಬಿಗಿ, ಕೆಲವು ಸಡಿಲ. ಬೇರೆ ಕೋಶಗಳಿಂದ ಬಂದ ಪ್ರೇರಣೆಗಳ ಮೊತ್ತವು ಒಂದು ಮಿತಿಯನ್ನು ದಾಟಿದಾಗ ನರಕೋಶವು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಒಮ್ಮೆ ಮಿಡಿಯುತ್ತದೆ. ಮಿತಿ ದಾಟದಿದ್ದರೆ ಸುಮ್ಮನಿರುತ್ತದೆ. ಕಲಿಕೆಯೆಂದರೆ ಈ ಸಂಧಿಗಳ ಬಲದಲ್ಲಿ ಆಗುವ ಬದಲಾವಣೆ. ಅಂದಮೇಲೆ ನೆನಪು ಇರುವ ಸ್ಥಳವೂ ಲೆಕ್ಕ ನಡೆಯುವ ಸ್ಥಳವೂ ಇಲ್ಲಿ ಒಂದೇ ಆಯಿತು. ಪ್ರತಿಯೊಂದು ಒಲೆಯ ಪಕ್ಕದಲ್ಲಿಯೂ ಅದಕ್ಕೆ ಬೇಕಾದಷ್ಟು ಸಾಮಗ್ರಿ ಇಟ್ಟಂತೆ.

ಇಲ್ಲಿ ಎರಡು ಅಂಶಗಳನ್ನು ವಾಚಕರು ಗಮನದಲ್ಲಿಡಬೇಕು. ಒಂದು, ನೆನಪು ಮತ್ತು ಕ್ರಿಯೆ ಒಂದೇ ಕಡೆ ಇರುವುದು. ಎರಡು, ಹೇಳತಕ್ಕುದು ಇಲ್ಲದಾಗ ಮೌನವಾಗಿರುವುದು. ಮುಂದಿನ ವಿಚಾರವೆಲ್ಲ ಈ ಎರಡನೆಯ ಅಂಶದ ಸುತ್ತಲೇ ಸುತ್ತುತ್ತದೆ.

ಕಣ್ಣಿನಿಂದ ಕಲಿತ ಪಾಠ

ನರಕೋಶದ ವ್ಯಾಪಾರವನ್ನು ತರ್ಕದ ಭಾಷೆಯಲ್ಲಿ ಮೊದಲು ಬರೆದವರು ಮೆಕಲಕ್ ಮತ್ತು ಪಿಟ್ಸ್ ಎಂಬಿಬ್ಬರು ಅಮೆರಿಕದ ವಿದ್ವಾಂಸರು. ಅವರ ಪ್ರಬಂಧ ಪ್ರಕಟವಾದುದು ೧೯೪೩ರಲ್ಲಿ. ಇದನ್ನು ಆಧರಿಸಿ ಫ್ರಾಂಕ್ ರೋಸೆನ್‌ಬ್ಲಾಟ್ ಎಂಬಾತನು 'ಪರ್ಸೆಪ್ಟ್ರಾನ್' ಎಂಬ ಮಾದರಿಯನ್ನು ರೂಪಿಸಿದನು. ೧೯೫೮ರಲ್ಲಿ ಅದನ್ನು ಒಂದು ಗಣಕಯಂತ್ರದಲ್ಲಿ ಅಳವಡಿಸಿ ತೋರಿಸಿದಾಗ, ಗುರುತು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಅದು ೫೦ ಪ್ರಯತ್ನಗಳಾದ ಮೇಲೆ ತಾನಾಗಿ ಕಲಿತುಕೊಂಡಿತು. ಅನಂತರ ನಿರ್ಮಿಸಿದ ಯಂತ್ರಕ್ಕೆ ೪೦೦ ಬೆಳಕಿನ ಕೋಶಗಳ ಒಂದು ಕಣ್ಣೂ ಇದ್ದಿತು. ನನ್ನ ಶಿಷ್ಯನು ಕೇಳಿದ 'ಪರ್ಸೆಪ್ಷನ್' ಎಂಬ ಮಾತಿನಿಂದಲೇ ಈ ಹೆಸರು ಹುಟ್ಟಿದೆ. ೧೯೬೯ರಲ್ಲಿ ಮಿನ್‌ಸ್ಕಿ ಮತ್ತು ಪೇಪರ್ಟ್ ಎಂಬವರು ಒಂದೇ ಪದರದ ಪರ್ಸೆಪ್ಟ್ರಾನ್‌ನಿಂದ ಸಾಧ್ಯವಾಗದ ಕಾರ್ಯಗಳನ್ನು ಗಣಿತದಿಂದ ತೋರಿಸಿದರು. ಆ ಬಳಿಕ ಕೆಲಕಾಲ ಈ ಮಾರ್ಗದಲ್ಲಿ ಉತ್ಸಾಹ ಕುಂದಿತು.

ಮುಂದಿನ ಹೆಜ್ಜೆ ಕ್ಯಾಲಿಫೋರ್ನಿಯಾದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ನಡೆಯಿತು. ಅಲ್ಲಿನ ಪ್ರಾಧ್ಯಾಪಕ ಕಾರ್ವರ್ ಮೀಡ್ ಅವರು, ನರಕೋಶದ ವರ್ತನೆಯನ್ನು ಅಂಕಿಗಳಿಂದ ಅನುಕರಿಸುವುದರ ಬದಲಾಗಿ ಟ್ರಾನ್ಸಿಸ್ಟರಿನ ಭೌತಿಕ ಸ್ವಭಾವವನ್ನೇ ಅದಕ್ಕೆ ಬಳಸಬಹುದೆಂದು ಕಂಡುಕೊಂಡರು. ೧೯೮೯ರಲ್ಲಿ ಅವರ ಗ್ರಂಥ ಹೊರಬಂದಿತು. ಜೀವಶಾಸ್ತ್ರದಿಂದ ಬಂದ ಅವರ ಶಿಷ್ಯೆ ಮಿಶಾ ಮಹೋವಾಲ್ಡ್ ಅವರು ಸಿಲಿಕಾನಿನಲ್ಲಿ ಒಂದು ಅಕ್ಷಿಪಟಲವನ್ನೇ ರಚಿಸಿದರು. ೧೯೯೧ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಬರೆದ ಲೇಖನವು ಜಗತ್ತಿನ ಗಮನವನ್ನು ಸೆಳೆಯಿತು. ೧೯೯೬ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ, ಆ ಶಿಷ್ಯೆ ತೀರಿಕೊಂಡುದು ವಿಷಾದದ ಸಂಗತಿ.

ಅಕ್ಷಿಪಟಲವನ್ನೇ ಏಕೆ ಆರಿಸಿಕೊಂಡರು? ನಮ್ಮ ಕಣ್ಣು ಬರಿಯ ಕ್ಯಾಮರಾ ಅಲ್ಲವೆಂಬುದೇ ಇದಕ್ಕೆ ಕಾರಣ. ಒಂದು ಕಣ್ಣಿನಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ೧೦ ಕೋಟಿಗೂ ಮಿಗಿಲು. ಆದರೆ ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳು ಸುಮಾರು ೧೦ ಲಕ್ಷ ಮಾತ್ರ. ನೂರು ಮಂದಿ ಕಂಡುದನ್ನು ಒಬ್ಬನು ಹೇಳಬೇಕು. ಆದುದರಿಂದ ಕಣ್ಣು ಕಂಡದ್ದನ್ನೆಲ್ಲ ಹೇಳುವುದಿಲ್ಲ. ಮುಖ್ಯವಾಗಿ ಬದಲಾದುದನ್ನು ಹೇಳುತ್ತದೆ. ಬೆಳಕು ಹೆಚ್ಚಿದ್ದು, ಕುಗ್ಗಿದ್ದು, ಅಂಚು, ಚಲನೆ, ಇವೇ ಅದರ ಸುದ್ದಿಗಳು. ೧೯೫೦ರ ದಶಕದ ಆರಂಭದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಪ್ರಯೋಗಶಾಲೆಗಳಲ್ಲಿ ಒಂದು ವಿಚಿತ್ರ ಪರೀಕ್ಷೆ ನಡೆಯಿತು. ಕಣ್ಣು ಎತ್ತ ಹೊರಳಿದರೂ ಚಿತ್ರವು ಅಕ್ಷಿಪಟಲದ ಅದೇ ಸ್ಥಾನದಲ್ಲಿ ನಿಲ್ಲುವಂತೆ ಏರ್ಪಾಡು ಮಾಡಿದರು. ಕೆಲವೇ ಸೆಕೆಂಡುಗಳಲ್ಲಿ ಆ ಚಿತ್ರವು ನೋಡುವವನಿಗೆ ಮಾಸಿ ಮರೆಯಾಯಿತು! ಕಣ್ಣು ತೆರೆದೇ ಇದೆ, ಬೆಳಕು ಬೀಳುತ್ತಲೇ ಇದೆ; ಬದಲಾವಣೆಯಿಲ್ಲದ ಕಾರಣ ನೋಟವೇ ಇಲ್ಲ. ನಮ್ಮ ಕಣ್ಣು ಸದಾ ಅತಿ ಸೂಕ್ಷ್ಮವಾಗಿ ಅದುರುತ್ತಿರುವುದರಿಂದಲೇ ನಿಶ್ಚಲ ವಸ್ತುಗಳು ನಮಗೆ ಕಾಣುತ್ತಿವೆ. ಬೆರಳಿನ ಉಂಗುರವನ್ನು ನಾವು ಮರೆತಿರುತ್ತೇವೆ. ಅದು ಜಾರಿದ ಕ್ಷಣ ತಿಳಿಯುತ್ತದೆ. ತರಗತಿಯಲ್ಲಿ ಪಂಖ ತಿರುಗುತ್ತಿರುವ ಸದ್ದು ಯಾರಿಗೂ ಕೇಳದು. ನಿಂತಾಗ ಎಲ್ಲರೂ ತಲೆಯೆತ್ತುವರು.

ಈ ತತ್ತ್ವವನ್ನು ಅನುಸರಿಸಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ವಿಜ್ಞಾನಿಗಳು ೨೦೦೮ರಲ್ಲಿ ಒಂದು ಹೊಸ ಬಗೆಯ ಕ್ಯಾಮರಾವನ್ನು ವರ್ಣಿಸಿದರು. ಅದರಲ್ಲಿ ೧೨೮ ಸಾಲು, ಸಾಲಿಗೆ ೧೨೮ ಬಿಂದುಗಳು. ಸಾಮಾನ್ಯ ಕ್ಯಾಮರಾ ಸೆಕೆಂಡಿಗೆ ಇಷ್ಟು ಎಂದು ಇಡೀ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತದೆ. ಖಾಲಿ ಗೋಡೆಯಾದರೂ ಸರಿ. ಈ ಕ್ಯಾಮರಾದಲ್ಲಿ ಪ್ರತಿಯೊಂದು ಬಿಂದುವೂ ಸ್ವತಂತ್ರ. ತನ್ನ ಮೇಲಿನ ಬೆಳಕು ಬದಲಾದಾಗ ಮಾತ್ರ 'ಇಲ್ಲಿ, ಈ ಗಳಿಗೆಯಲ್ಲಿ, ಹೆಚ್ಚಿತು' ಅಥವಾ 'ಕುಗ್ಗಿತು' ಎಂದು ಒಂದು ಮಿಡಿತವನ್ನು ಕಳುಹಿಸುತ್ತದೆ. ಗೋಡೆಯ ಮುಂದೆ ಅದು ಮೌನಿ. ಗುಬ್ಬಿಯೊಂದು ಹಾರಿದರೆ ಆ ಹಾರಾಟದ ಗೆರೆಯಷ್ಟೇ ಅದರ ಮಾತು.

ಕಣ್ಣಿನ ಹಿಂದೆ ಇರಬೇಕಾದ ಮಿದುಳಿನ ಮಾದರಿಗಳೂ ಬಂದಿವೆ. ಐ.ಬಿ.ಎಂ. ಸಂಸ್ಥೆಯು ೨೦೧೪ರಲ್ಲಿ ಪ್ರಕಟಿಸಿದ 'ಟ್ರೂನಾರ್ತ್' ಎಂಬ ಚಿಪ್‌ನಲ್ಲಿ ೧೦ ಲಕ್ಷ ಕೃತಕ ನರಕೋಶಗಳೂ ೨೫.೬ ಕೋಟಿ ಸಂಧಿಗಳೂ ಇದ್ದವು. ಅದು ಬಳಸಿದ ಶಕ್ತಿ ಒಂದು ವ್ಯಾಟಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಇಂಟೆಲ್ ಸಂಸ್ಥೆಯು ೨೦೨೪ರಲ್ಲಿ ಇಂತಹ ೧,೧೫೨ ಚಿಪ್‌ಗಳನ್ನು ಕೂಡಿಸಿ ೧೧೫ ಕೋಟಿ ಕೃತಕ ನರಕೋಶಗಳ ಒಂದು ಯಂತ್ರವನ್ನು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಒದಗಿಸಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ನರಸಂಧಿಯಂತೆ ನೆನಪಿಡುವ ಮತ್ತು ಲೆಕ್ಕ ಮಾಡುವ ಎರಡೂ ಕೆಲಸಗಳನ್ನು ಮಾಡಬಲ್ಲ ಒಂದು ಅಣುಪೊರೆಯನ್ನು ವರ್ಣಿಸಿದರು. ಅದು ಸುಮಾರು ೧೬,೫೦೦ ಬೇರೆ ಬೇರೆ ಸ್ಥಿತಿಗಳಲ್ಲಿ ನಿಲ್ಲಬಲ್ಲದು. ಸಾಮಾನ್ಯ ಗಣಕದ ಒಂದು ಬಿಂದುವಿಗೆ ಇರುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಸ್ಥಿತಿಗಳೆಂಬುದನ್ನು ನೆನೆದರೆ ಇದರ ಮಹತ್ತ್ವ ತಿಳಿಯುತ್ತದೆ. ಉಗ್ರಾಣವನ್ನು ಒಲೆಯ ಬಳಿಗೆ ತರುವ ಕಾರ್ಯ ಕನ್ನಡ ನಾಡಿನಲ್ಲಿಯೂ ನಡೆಯುತ್ತಿದೆಯೆಂಬುದು ನಮಗೆ ಸಂತೋಷದ ವಿಷಯ.

ಕುರುಡರು, ಆನೆ ಮತ್ತು ಕರಿಹಲಗೆ

ಇದುವರೆಗೆ ಹೇಳಿದ್ದು ಒಂದು ಕಣ್ಣು, ಒಂದು ಮಿದುಳಿನ ಮಾತು. ಆದರೆ ಹೊಲ, ಕಾಡು, ಕಡಲು, ನಗರ ಇವನ್ನು ಒಂದೇ ಕಣ್ಣು ನೋಡಲಾರದು. ಅಲ್ಲಲ್ಲಿ ಚಿಕ್ಕ ಚಿಕ್ಕ ಸಂವೇದಕಗಳನ್ನಿಟ್ಟು, ಅವೆಲ್ಲ ಕೂಡಿ ಒಂದು ತಿಳಿವಳಿಕೆಗೆ ಬರುವಂತೆ ಮಾಡಬೇಕು. ಇದೇ ಸಂವೇದಕ ಜಾಲ. ಇಲ್ಲಿ ನಮ್ಮವರಿಗೆಲ್ಲ ತಿಳಿದ ಅಂಧಗಜನ್ಯಾಯವು ನೆನಪಿಗೆ ಬರುತ್ತದೆ. ಕಾಲು ಮುಟ್ಟಿದವನಿಗೆ ಆನೆ ಕಂಬ, ಕಿವಿ ಮುಟ್ಟಿದವನಿಗೆ ಮೊರ, ಬಾಲ ಮುಟ್ಟಿದವನಿಗೆ ಹಗ್ಗ. ಈ ಕಥೆಯನ್ನು ನಾವು ಅಜ್ಞಾನದ ದೃಷ್ಟಾಂತವಾಗಿ ಹೇಳುತ್ತೇವೆ. ಇಂಜಿನಿಯರುಗಳು ಅದನ್ನೇ ಒಂದು ಸಮಸ್ಯೆಯಾಗಿ ಎತ್ತಿಕೊಂಡರು: ಈ ಕುರುಡರು ಏನು ಮಾಡಿದರೆ ಆನೆಯನ್ನು ಅರಿಯಬಹುದು?

ಇದಕ್ಕೆ ಒಂದು ಉತ್ತರ ದೊರೆತುದು ಮಾತನ್ನು ಕೇಳಿ ತಿಳಿಯುವ ಯಂತ್ರದ ಪ್ರಯತ್ನದಲ್ಲಿ. ಆಂಧ್ರದ ಚಿತ್ತೂರು ಸೀಮೆಯಲ್ಲಿ ಹುಟ್ಟಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ರಾಜ್ ರೆಡ್ಡಿಯವರು ಮತ್ತು ಅವರ ಸಂಗಡಿಗರು ೧೯೭೦ರ ದಶಕದಲ್ಲಿ 'ಹಿಯರ್‌ಸೇ' ಎಂಬ ಯಂತ್ರವ್ಯವಸ್ಥೆಯನ್ನು ಕಟ್ಟಿದರು. ಸುಮಾರು ೧,೦೦೦ ಪದಗಳ ಮಾತನ್ನು ಅದು ಗುರುತಿಸಬೇಕಾಗಿದ್ದಿತು. ಅದರಲ್ಲಿ ಧ್ವನಿಯನ್ನು ಬಲ್ಲ ಒಂದು ಭಾಗ, ಅಕ್ಷರಗಳನ್ನು ಬಲ್ಲ ಒಂದು ಭಾಗ, ಪದಗಳನ್ನು ಬಲ್ಲದ್ದೊಂದು, ವಾಕ್ಯರಚನೆಯನ್ನು ಬಲ್ಲದ್ದೊಂದು. ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ. ಎಲ್ಲಕ್ಕೂ ಸಾಮಾನ್ಯವಾಗಿ ಒಂದು ಕರಿಹಲಗೆ! ಒಂದು ಭಾಗವು 'ಇದು ಇಂಥ ಅಕ್ಷರ ಇರಬಹುದು' ಎಂದು ತನ್ನ ಊಹೆಯನ್ನು ಅಲ್ಲಿ ಬರೆಯುತ್ತದೆ. ಇನ್ನೊಂದು ಅದನ್ನು ಓದಿ 'ಹಾಗಾದರೆ ಇದು ಇಂಥ ಪದ' ಎನ್ನುತ್ತದೆ. ಮತ್ತೊಂದು 'ಆ ಪದ ಇಲ್ಲಿ ಕೂಡುವುದಿಲ್ಲ' ಎಂದು ಒರೆಸುತ್ತದೆ. ರಾಜ್ ರೆಡ್ಡಿಯವರಿಗೆ ೧೯೯೪ರಲ್ಲಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಶಾಲೆಯ ಕರಿಹಲಗೆಯು ಇಂತಹ ಒಂದು ಶಾಸ್ತ್ರಕ್ಕೆ ಹೆಸರು ಕೊಟ್ಟಿತೆಂಬುದನ್ನು ಅಧ್ಯಾಪಕ ಬಂಧುಗಳು ಹೆಮ್ಮೆಯಿಂದ ನೆನೆಯಬಹುದು.

ಹಿಯರ್‌ಸೇಯಲ್ಲಿ ಕೆಲಸ ಮಾಡಿದ ವಿಕ್ಟರ್ ಲೆಸರ್ ಎಂಬವರು ಮುಂದೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಹೋಗಿ, ಡೇನಿಯಲ್ ಕಾರ್ಕಿಲ್ ಎಂಬವರ ಜೊತೆಗೂಡಿ ೧೯೮೩ರಲ್ಲಿ ಇನ್ನೊಂದು ಪ್ರಯೋಗವನ್ನು ವಿವರಿಸಿದರು. ಒಂದು ಬಯಲಿನಲ್ಲಿ ವಾಹನಗಳು ಸಂಚರಿಸುತ್ತಿವೆ. ಅಲ್ಲಲ್ಲಿರುವ ಠಾಣ್ಯಗಳು ಶಬ್ದವನ್ನು ಮಾತ್ರ ಕೇಳಬಲ್ಲವು, ಅದೂ ತಮ್ಮ ತಮ್ಮ ಸುತ್ತಿನದು. ಇಲ್ಲಿ ಒಂದೇ ಕರಿಹಲಗೆ ಇಲ್ಲ; ಪ್ರತಿಯೊಂದು ಠಾಣ್ಯಕ್ಕೂ ತನ್ನದೇ ಹಲಗೆ. ತನ್ನ ಅರೆಬರೆ ಊಹೆಯನ್ನು ಅದು ನೆರೆಯ ಠಾಣ್ಯಕ್ಕೆ ತಿಳಿಸುತ್ತದೆ, ನೆರೆಯದರ ಊಹೆಯನ್ನು ಕೇಳಿ ತನ್ನದನ್ನು ತಿದ್ದಿಕೊಳ್ಳುತ್ತದೆ. ಇದೆಲ್ಲವೂ ಗಣಕಯಂತ್ರದೊಳಗೆ ಕಲ್ಪಿಸಿದ ಬಯಲೇ ಸರಿ. ಆದರೆ ಅದು ತೋರಿಸಿದ ತತ್ತ್ವ ದೊಡ್ಡದು. ಯಾವ ಠಾಣ್ಯವೂ ಪೂರ್ಣವಾಗಿ ಸರಿಯಾಗಿರಬೇಕಿಲ್ಲ. ತಪ್ಪನ್ನು ತಿದ್ದಿಕೊಳ್ಳುವ ಮಾತುಕತೆ ಇದ್ದರೆ ಒಟ್ಟು ತಿಳಿವಳಿಕೆ ಸರಿಯಾಗಬಹುದು. ಕಥೆಯ ಕುರುಡರ ದೋಷ ಕುರುಡಲ್ಲ, ಜಗಳವಾಡಿದ್ದು.

ಇಂತಹ ಜಾಲಗಳನ್ನು ನಿಜವಾದ ನೆಲದ ಮೇಲೆ ಹರಡಿದ ಎರಡು ಉದಾಹರಣೆಗಳನ್ನು ಹೇಳುವೆನು. ಅಮೆರಿಕದ ಮೇನ್ ಪ್ರಾಂತದ ಕರಾವಳಿಯಾಚೆ ಗ್ರೇಟ್ ಡಕ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಪೆಟ್ರೆಲ್ ಎಂಬ ಕಡಲ ಹಕ್ಕಿಗಳು ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. ಮನುಷ್ಯರು ಹೋಗಿ ನೋಡಿದರೆ ಹಕ್ಕಿಗಳಿಗೆ ತೊಂದರೆ. ಆದುದರಿಂದ ಬರ್ಕ್ಲಿಯ ಸಂಶೋಧಕರು ೨೦೦೨ರಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ೩೨ ಸಂವೇದಕಗಳನ್ನು ಬಿಲಗಳಲ್ಲಿಯೂ ಸುತ್ತಲೂ ಇಟ್ಟು, ಶಾಖ, ತೇವ ಮುಂತಾದವನ್ನು ದೂರದಿಂದಲೇ ತಿಳಿದುಕೊಂಡರು.

ಎರಡನೆಯದು ನಮ್ಮ ನಾಡಿನದು. ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಲಯದೊಡನೆ ಕೂಡಿ, ಈ ಶತಮಾನದ ಮೊದಲ ದಶಕದಲ್ಲಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ ಒಂದು ಸಂವೇದಕ ಜಾಲವನ್ನು ಪ್ರಯೋಗಿಸಿದರು. ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಸಣ್ಣ ಹಿಡುವಳಿದಾರರ ಸೀಮೆ ಅದು. ಮಣ್ಣಿನ ತೇವವನ್ನು ಅಳೆದು, ಯಾವಾಗ ಬಿತ್ತಬೇಕು, ಬೆಳೆಗೆ ನೀರಿನ ಕೊರತೆ ಯಾವಾಗ ಮುಟ್ಟುತ್ತದೆ ಎಂಬ ನಿರ್ಧಾರಗಳಿಗೆ ಆಧಾರ ಒದಗಿಸುವುದು ಉದ್ದೇಶ. ಪಾವಗಡದಂತಹ ಬರದ ನೆಲದಲ್ಲಿ ಹದವರಿತು ಬಿತ್ತುವುದೆಂದರೆ ವರ್ಷದ ಅನ್ನದ ಪ್ರಶ್ನೆ.

ಈ ಚಿಕ್ಕ ಸಂವೇದಕಗಳ ಬದುಕು ಬ್ಯಾಟರಿಯ ಮೇಲೆ ನಿಂತಿದೆ. ಒಂದು ಸುದ್ದಿಯನ್ನು ಗಾಳಿಯಲ್ಲಿ ಕಳುಹಿಸುವ ವೆಚ್ಚದಲ್ಲಿ ಸಾವಿರಾರು ಲೆಕ್ಕಗಳನ್ನು ಕುಳಿತಲ್ಲಿಯೇ ಮಾಡಬಹುದು. ಆದುದರಿಂದ ಕಂಡದ್ದನ್ನೆಲ್ಲ ಕಳುಹಿಸುವ ಸಂವೇದಕ ಬೇಗನೆ ಸಾಯುತ್ತದೆ. ಯೋಚಿಸಿ, ಬೇಕಾದುದನ್ನಷ್ಟೇ ಹೇಳುವುದು ಬಹುಕಾಲ ಬಾಳುತ್ತದೆ. ಮಿದುಳಿನ ಮಾದರಿಯ ಚಿಪ್ ಮತ್ತು ಸಂವೇದಕ ಜಾಲ ಎಂಬ ಎರಡು ಹೊಳೆಗಳು ಕೂಡುವುದು ಇಲ್ಲಿಯೇ. ಎರಡಕ್ಕೂ ಮಿತಭಾಷೆಯೇ ಧರ್ಮ.

ಮೌನದ ಸಂದೇಹ

ಇಷ್ಟನ್ನು ಕೇಳಿದಾಗ ನನಗೊಂದು ಸಂದೇಹ ಹುಟ್ಟಿತು. ಶಿಷ್ಯನನ್ನು ಕೇಳಿದೆನು: "ಬದಲಾವಣೆ ಆದಾಗ ಮಾತ್ರ ಮಾತಾಡುವ ಯಂತ್ರ ಸುಮ್ಮನಿದ್ದರೆ ಏನೆಂದು ತಿಳಿಯಬೇಕು? ಬದಲಾವಣೆ ಇಲ್ಲವೆಂದೋ, ಯಂತ್ರವೇ ಸತ್ತಿತೆಂದೋ?" ಅವನು ನಕ್ಕು, "ಗುರುಗಳೇ, ನಮ್ಮ ಅರ್ಧ ಕಷ್ಟ ಇದೇ" ಎಂದನು. ಅದಕ್ಕಾಗಿ ಅವರು ಒಂದು ಉಪಾಯ ಮಾಡಿರುವರಂತೆ. ಹೇಳಲು ಏನೂ ಇಲ್ಲದಿದ್ದರೂ ಗೊತ್ತಾದ ಹೊತ್ತಿಗೊಮ್ಮೆ ಸಂವೇದಕವು 'ಇದ್ದೇನೆ' ಎಂದಷ್ಟೇ ತಿಳಿಸಬೇಕು. ಇಂಗ್ಲಿಷಿನಲ್ಲಿ ಅದನ್ನು ಎದೆಬಡಿತವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ನಮ್ಮ ಹಾಜರಿಯ ಕೂಗೂ ಇದೇ ಅಲ್ಲವೆ? ಗ್ರೇಟ್ ಡಕ್ ದ್ವೀಪದಲ್ಲಿಯೂ ಈ ಕಷ್ಟ ಬಂದಿತು. ಕೆಲವು ಪೆಟ್ಟಿಗೆಗಳೊಳಗೆ ನೀರು ಸೇರಿ, ಅವು ಎಂದೂ ಇರಲಾರದಂತಹ ತೇವದ ಅಂಕಿಗಳನ್ನು ಹೇಳಿ, ಕೊನೆಗೆ ಮೂಕವಾದವು. ಆ ಅಸಂಭವ ಅಂಕಿಗಳನ್ನೇ ಸಾವಿನ ಮುನ್ಸೂಚನೆಯೆಂದು ಸಂಶೋಧಕರು ಬಳಿಕ ಗುರುತಿಸಿದರು.

ನಮ್ಮ ಶಾಸ್ತ್ರಕಾರರು ಈ ಪ್ರಶ್ನೆಯನ್ನು ಬಹು ಹಿಂದೆಯೇ ವಿಚಾರಿಸಿರುವರು. 'ಕಾಣಲಿಲ್ಲ' ಎಂಬುದರಿಂದ 'ಇಲ್ಲ' ಎಂದು ಹೇಳಬಹುದೆ? ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರತ್ಯೇಕ ಪ್ರಮಾಣವೆಂದೇ ಒಪ್ಪಿದರು. ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿ ಎಂದರು. ಈ ಭೇದವಿದ್ದರೂ ಉಭಯರೂ ಒಂದು ಕಟ್ಟನ್ನು ವಿಧಿಸಿದರು: ಅದು ಯೋಗ್ಯಾನುಪಲಬ್ಧಿ ಆಗಿರಬೇಕು. ವಸ್ತುವು ಇದ್ದಿದ್ದರೆ ಖಂಡಿತವಾಗಿ ಕಾಣುತ್ತಿತ್ತು ಎನ್ನುವಂತಹ ಸಂದರ್ಭದಲ್ಲಿ ಮಾತ್ರ ಕಾಣದಿರುವಿಕೆಯು ಇಲ್ಲದಿರುವಿಕೆಗೆ ಸಾಕ್ಷಿ. ಹಗಲಿನ ಬೆಳಕಿನಲ್ಲಿ ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡ ಇಲ್ಲವೆನ್ನಬಹುದು. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು. ಈ ಒಂದು ವಿವೇಕವು ಇಂದಿನ ಯಂತ್ರಯುಗಕ್ಕೆ ಎಷ್ಟು ಅವಶ್ಯಕವೆಂಬುದನ್ನು ನಾನು ಕಣ್ಣಾರೆ ಕಂಡಿರುವೆನು.

ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಕಳೆ ಕಿತ್ತು, ರಾಶಿ ಮಾಡಿ, ಪಾತ್ರೆ ತಿಕ್ಕಿ ಅವಳ ಬೆರಳಿನ ಗೆರೆಗಳು ಸವೆದುಹೋಗಿವೆ. ಪಡಿತರದ ಅಕ್ಕಿಗಾಗಿ ಹೋದಾಗ ಬೆರಳಚ್ಚಿನ ಯಂತ್ರವು ಅವಳನ್ನು ಗುರುತಿಸಲಿಲ್ಲ. ಎರಡು ಸಲ ಅವಳು ಬರಿಗೈಯಲ್ಲಿ ಹಿಂದಿರುಗಿದಳು. ಅಲ್ಲಿದ್ದವರೆಲ್ಲರಿಗೂ ಅವಳು ಯಾರೆಂದು ಗೊತ್ತು, ಅವಳ ಗಂಡನ ಹೆಸರೂ ಗೊತ್ತು. ಆದರೂ 'ಯಂತ್ರ ಒಪ್ಪುವುದಿಲ್ಲ, ಅಜ್ಜಿ' ಎಂದರು. ಮೂರನೆಯ ಸಲ ಯಾರೋ ಪುಣ್ಯಾತ್ಮರು ಬೇರೆ ದಾರಿಯಿಂದ ದಾಖಲೆ ಮಾಡಿಸಿ ಅಕ್ಕಿ ಕೊಡಿಸಿದರು. ಆ ಯಂತ್ರವು ಮಿದುಳಿನ ಮಾದರಿಯದಲ್ಲ, ಸಾಧಾರಣವಾದದ್ದು. ಆದರೆ ಪಾಠ ಒಂದೇ. ಯಂತ್ರವು 'ನನಗೆ ಕಾಣಲಿಲ್ಲ' ಎಂದಿತು. ಮನುಷ್ಯರು ಅದನ್ನು 'ಇವಳು ಅವಳಲ್ಲ' ಎಂದು ಓದಿದರು. ಅದು ಅಯೋಗ್ಯಾನುಪಲಬ್ಧಿ. ತಪ್ಪು ಯಂತ್ರದ ಕಣ್ಣಿನಲ್ಲಿ ಸ್ವಲ್ಪ, ಅದರ ಮೌನವನ್ನು ಓದಿದವರಲ್ಲಿ ಬಹಳ.

ಪದನಿರ್ಣಯ

ಈಗ ಶಿಷ್ಯನ ಪ್ರಶ್ನೆಗೆ ಬರೋಣ. ನ್ಯಾಯಶಾಸ್ತ್ರದ ಪ್ರಕಾರ ಪ್ರತ್ಯಕ್ಷಕ್ಕೆ ಮೊದಲು ಬೇಕಾದುದು ಇಂದ್ರಿಯಕ್ಕೂ ವಸ್ತುವಿಗೂ ಸನ್ನಿಕರ್ಷ, ಎಂದರೆ ಸಂಪರ್ಕ. ಅನಂತರ ಹೆಸರು, ಜಾತಿ ಯಾವುದೂ ಇಲ್ಲದ ಬರಿಯ ತೋರಿಕೆ, ಇದು ನಿರ್ವಿಕಲ್ಪಕ. ಆಮೇಲೆ 'ಇದು ಕೊಡ' ಎಂಬ ನಿಶ್ಚಯ, ಇದು ಸವಿಕಲ್ಪಕ. ಸಂವೇದಕವು ಬೆಳಕನ್ನೋ ತೇವವನ್ನೋ ಮುಟ್ಟುವುದು ಸನ್ನಿಕರ್ಷಕ್ಕೆ ಸಮಾನ. ಅದಕ್ಕೆ 'ಸಂವೇದನೆ' ಎಂದು ಈಗಾಗಲೇ ರೂಢಿಯಾಗಿರುವುದರಿಂದ ಅದನ್ನು ಬದಲಿಸಬೇಕಿಲ್ಲ. ಹಲವು ಸಂವೇದನೆಗಳು ಕೂಡಿ, ಒಂದನ್ನೊಂದು ತಿದ್ದಿಕೊಂಡು, 'ಇದು ವಾಹನ', 'ಈ ಹೊಲದ ಮಣ್ಣು ಒಣಗಿದೆ' ಎಂಬ ನಿರ್ಣಯಕ್ಕೆ ಬರುವುದಕ್ಕೆ 'ಗ್ರಹಿಕೆ' ಎನ್ನಬಹುದು. ಗ್ರಹಿಸು ಎಂದರೆ ಹಿಡಿ, ತೆಗೆದುಕೋ ಎಂದು ಮೂಲಾರ್ಥ. ಹಿಡಿಯುವ ಕೆಲಸವನ್ನು ಯಂತ್ರವೂ ಮಾಡಬಲ್ಲದು. ಅದಕ್ಕೆ ಆ ಪದವನ್ನು ಕೊಡಲು ನಾವು ಜಿಪುಣರಾಗಬೇಕಿಲ್ಲ.

ಆದರೆ 'ಅರಿವು' ಎಂಬ ಮಾತನ್ನು ಮಾತ್ರ ನಾನು ಹಿಂದಿಟ್ಟುಕೊಂಡೆನು. ಅರಿವಿನಲ್ಲಿ ಹಿಡಿದುದರ ಜೊತೆಗೆ, ಹಿಡಿಯಲಾರದೆ ಹೋದುದರ ಎಚ್ಚರವೂ ಸೇರಿದೆ. 'ನನಗೆ ಕಾಣಲಿಲ್ಲ, ಆದರೆ ನಾನು ನಿಂತಿರುವುದು ಕತ್ತಲಲ್ಲಿ' ಎಂದು ತಿಳಿಯುವುದು ಅರಿವು. ಅದಕ್ಕೆ ಉತ್ತರ ಹೇಳಬೇಕಾದವನೂ ಒಬ್ಬನು ಇರಬೇಕು. ಜಾಲವೊಂದು ತಪ್ಪು ಗ್ರಹಿಸಿ ರೈತನ ಬಿತ್ತನೆ ಕೆಟ್ಟರೆ ಸಂವೇದಕವನ್ನು ಕರೆದು ಕೇಳಲಾಗುವುದಿಲ್ಲ. ಅದನ್ನು ಇಟ್ಟವರು, ಓದಿದವರು ಉತ್ತರ ಹೇಳಬೇಕು. 'ಯಂತ್ರಕ್ಕೆ ಅರಿವಾಯಿತು' ಎಂದು ಬರೆಯುವ ರೂಢಿ ಬಂದರೆ ಈ ಹೊಣೆ ಮಾತಿನ ಮರೆಯಲ್ಲಿ ಜಾರಿಹೋಗುವುದು. ಆದುದರಿಂದ 'ಯಂತ್ರಕ್ಕೆ ಸಂವೇದನೆ, ಜಾಲಕ್ಕೆ ಗ್ರಹಿಕೆ, ಮನುಷ್ಯನಿಗೆ ಅರಿವು' ಎಂದು 'ಪರ್ಸೆಪ್ಷನ್'ನ ಎರಡೂ ಬದಿಗೆ ಬೇಲಿ ಹಾಕಿ ಶಿಷ್ಯನಿಗೆ ಬರೆದು ಕಳುಹಿಸಿದೆನು. ಅವನು ಒಪ್ಪಿರುವನು.

ಲೇಖನವನ್ನು ಮುಗಿಸುವ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ಒಂಬತ್ತನೆಯ ತರಗತಿಯ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನಿದ್ದನು. ಬಹಳ ಸೌಮ್ಯ, ಒಂದು ದಿನವೂ ಗದ್ದಲವಿಲ್ಲ, ಪ್ರಶ್ನೆಯಿಲ್ಲ. ಪಾಠ ಮುಗಿಸಿ 'ಎಲ್ಲರಿಗೂ ಅರ್ಥವಾಯಿತೆ?' ಎಂದು ಕೇಳಿದಾಗ ಅವನೂ ಸುಮ್ಮನಿರುತ್ತಿದ್ದನು. ಆ ಮೌನವನ್ನು ನಾನು ತಿಳಿವಳಿಕೆ ಎಂದೇ ಎಣಿಸಿದೆನು. ವಾರ್ಷಿಕ ಪರೀಕ್ಷೆಯಲ್ಲಿ ಅವನು ನಪಾಸಾಗಿ ಶಾಲೆ ಬಿಟ್ಟ ಮೇಲೆ, ಅವನಿಗೆ ಎರಡು ಕಿವಿಗಳೂ ಬಹಳ ಮಂದವೆಂದು ಅವನ ತಾಯಿಯಿಂದ ತಿಳಿಯಿತು. ಮುಂದಿನ ಸಾಲಿನಲ್ಲಿ ಕೂರಿಸಿದ್ದರೆ, ಒಂದು ದಿನ ಹತ್ತಿರ ಕರೆದು ಕೇಳಿದ್ದರೆ ಸಾಕಾಗಿತ್ತು. ಯೋಗ್ಯಾನುಪಲಬ್ಧಿಯ ಲಕ್ಷಣವನ್ನು ಅಂದು ನಾನು ಕಂಠಪಾಠವಾಗಿ ಬಲ್ಲವನಾಗಿದ್ದೆ. ಆ ಹುಡುಗ ಮತ್ತೆ ಶಾಲೆಗೆ ಬರಲಿಲ್ಲ.

ಅಂದಿನಿಂದ ವರ್ಷದ ಮೊದಲ ವಾರದಲ್ಲಿ ಹಿಂದಿನ ಸಾಲಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಿ, ಕೇಳಿಸಿ ನೋಡುವುದನ್ನು ರೂಢಿಸಿಕೊಂಡಿರುವೆನು. ನಮ್ಮ ಶಾಲೆಗೂ ಮುಂದೆ ಹೊಸ ಹೊಸ ಯಂತ್ರಗಳು ಬರಬಹುದು. ದಾನಿಗಳ ಔದಾರ್ಯದಿಂದ ಬರಲಿ. ಅವು ಗ್ರಹಿಸಿದುದನ್ನು ಕೃತಜ್ಞತೆಯಿಂದ ಬಳಸಿಕೊಳ್ಳೋಣ. ಅವು ಸುಮ್ಮನಿರುವ ಎಡೆಯಲ್ಲಿ ಮಾತ್ರ ಅಧ್ಯಾಪಕನು ಎದ್ದು ಹೋಗಿ ನೋಡಬೇಕು. ದಾನಿಗಳಲ್ಲಿ ಒಂದು ಬಿನ್ನಹ: ಯಂತ್ರಕ್ಕೆ ಮೊದಲು, ವರ್ಷಕ್ಕೊಮ್ಮೆ ಎಲ್ಲ ಮಕ್ಕಳ ಕಣ್ಣು ಕಿವಿಗಳನ್ನು ವೈದ್ಯರಿಂದ ಪರೀಕ್ಷಿಸುವ ಏರ್ಪಾಡು ನಮ್ಮಲ್ಲಿ ನಡೆಯಲಿ.

ವಿಜ್ಞಾನವು ನನ್ನ ಶಾಸ್ತ್ರವಲ್ಲ. ಲೇಖನದಲ್ಲಿ ಲೋಪದೋಷಗಳು ಇದ್ದರೆ ಬಲ್ಲವರು ತಿದ್ದಿ ತಿಳಿಸಬೇಕೆಂದು ಪ್ರಾರ್ಥಿಸುವೆನು. ಒಂದು ಪದವನ್ನು ಕೇಳಲು ಬಂದು ನನಗೆ ಇಷ್ಟೆಲ್ಲವನ್ನು ಕಲಿಸಿದ ಆ ಶಿಷ್ಯನಿಗೆ ಶುಭವಾಗಲಿ.